ಮಗುವಿಗೆ ಬೈಪೋಲಾರ್ ಇರಬಹುದೇ? ಮುಂಬೈಯಲ್ಲಿ ಎಲ್ಲಿಂದ ಶುರು ಮಾಡಬೇಕು

ಹದಿನಾರರ ಹುಡುಗಿ ವಾರಗಟ್ಟಲೆ ಎರಡು ಮೂರು ಗಂಟೆ ಮಾತ್ರ ಮಲಗುತ್ತಾಳೆ, ಆದರೂ ಸುಸ್ತಿಲ್ಲ. ಮಾತು ನಿಲ್ಲುವುದಿಲ್ಲ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಕೆಲವು ತಿಂಗಳಾದ ಮೇಲೆ ಅವಳೇ ಹಾಸಿಗೆ ಬಿಟ್ಟು ಏಳುವುದಿಲ್ಲ. ಮನೆಯವರು ಮೊದಲು ಕೊಬ್ಬು ಅನ್ನುತ್ತಾರೆ, ಆಮೇಲೆ ಸೋಮಾರಿತನ ಅನ್ನುತ್ತಾರೆ. ಇದು ಬೈಪೋಲಾರ್ ಡಿಸಾರ್ಡರ್, ಅಂದರೆ ವಿಪರೀತ ಹುರುಪು (ಉನ್ಮಾದ) ಮತ್ತು ಖಿನ್ನತೆ ಬಂದು ಹೋಗುವ ಕಾಯಿಲೆ, ಇರಬಹುದು, ಬೇರೆ ಏನಾದರೂ ಇರಬಹುದು. ಪತ್ತೆ ಮಾಡಬೇಕಾದದ್ದು ಡಾಕ್ಟರು. ಆದರೆ ಅವರಿಗೆ ಬೇಕಾದ ಮಾಹಿತಿ ಇರುವುದು ನಿಮ್ಮ ಹತ್ತಿರ.

ಹಾಗಾಗಿ ಇವತ್ತೇ ಒಂದು ನೋಟ್‌ಬುಕ್ ಇಡಿ. ಎಷ್ಟು ಹೊತ್ತಿಗೆ ಮಲಗಿತು, ಯಾವಾಗ ಎದ್ದಿತು, ಮೂಡ್ ಹೇಗಿತ್ತು, ಊಟ, ಜಗಳ. ದಿನಕ್ಕೆ ಎರಡು ಸಾಲು ಸಾಕು. ನೋಟ್‌ಬುಕ್ ತುಂಬಲಿ ಅಂತ ಡಾಕ್ಟರ ಭೇಟಿ ಮುಂದೂಡಬೇಡಿ.

ಆಮೇಲೆ ಊರಿಗೊಂದು ಫೋನ್ ಮಾಡಿ. ಈ ಕಾಯಿಲೆಯಲ್ಲಿ ರಕ್ತಸಂಬಂಧದ ಪಾಲು ದೊಡ್ಡದು. ಡಾಕ್ಟರು ಖಂಡಿತ ಕೇಳುತ್ತಾರೆ. ಉಡುಪಿಯೋ ಕಲಬುರಗಿಯೋ, ಊರಲ್ಲಿರುವ ಹಿರಿಯರಿಗೆ ಮಾತ್ರ ಗೊತ್ತಿರುವ ಸಂಗತಿಗಳಿರುತ್ತವೆ. ‘ಯಾರಿಗಾದ್ರೂ ಹುಚ್ಚಿತ್ತಾ?’ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ‘ಚಿಕ್ಕಜ್ಜ ಯಾಕೆ ಮನೆ ಬಿಟ್ಟು ಹೋದ್ರು? ರಾತ್ರಿಯೆಲ್ಲಾ ನಿದ್ದೆಯಿಲ್ಲದೆ ಯಾರಾದ್ರೂ ಓಡಾಡ್ತಿದ್ರಾ? ಬಾವಿಗೆ ಹಾರಿದವರು ಇದ್ದಾರಾ?’ ಹೀಗೆ ಕೇಳಿ. ‘ಮುಂದೆ ಮದುವೆ ಆಗ್ಬೇಕಲ್ಲ, ಸುಮ್ನಿರು’ ಅನ್ನುವವರೂ ಇರುತ್ತಾರೆ. ದಯವಿಟ್ಟು ಅವರ ಮಾತಿಗೆ ಸುಮ್ಮನಾಗಬೇಡಿ. ಮನೆತನದಲ್ಲಿ ಇದ್ದರೆ ಮಗುವಿಗೂ ಬಂದೇ ಬರುತ್ತದೆ ಅಂತಲ್ಲ. ನೀವು ಬೆಳೆಸಿದ ರೀತಿ ಸರಿಯಿಲ್ಲ ಅಂತಲೂ ಅಲ್ಲ.

ಕೌನ್ಸೆಲರ್ ಒಬ್ಬರೇ ಸಾಲದು, ಔಷಧ ಬರೆಯಬಲ್ಲ ಸೈಕಿಯಾಟ್ರಿಸ್ಟ್ ಬೇಕು. ಮಕ್ಕಳನ್ನು ನೋಡುವ ಅನುಭವ ಇದ್ದರೆ ಇನ್ನೂ ಒಳ್ಳೆಯದು. ಖಾಸಗಿ ಫೀಸು ಭಾರವಾದರೆ ಪರೇಲ್‌ನ ಕೆಇಎಂ, ಸಯನ್ ಮತ್ತು ನಾಯರ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗವಿದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ಹೊರರೋಗಿ ಚೀಟಿ) ಮಾಡಿಸಿ. ಸಣ್ಣ ಮಕ್ಕಳಲ್ಲಿ ಬೈಪೋಲಾರ್ ಅಪರೂಪ. ಎಡಿಎಚ್‌ಡಿಯನ್ನೋ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಸದಾ ಸಿಡುಕುವ ಸ್ವಭಾವವನ್ನೋ ಅದೇ ಅಂದುಕೊಳ್ಳುವುದುಂಟು. ಅನುಮಾನ ಉಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಒಂದು ಮಾತು ಮರೆಯಬೇಡಿ: ಮಗು ಮಂಕಾದಾಗ ಕರೆದುಕೊಂಡು ಹೋಗಿದ್ದರೂ, ಹಿಂದೆ ವಿಪರೀತ ಹುರುಪಿನ ದಿನಗಳಿದ್ದರೆ ಅದನ್ನೂ ಹೇಳಿ. ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಲ್ಲಿ ಉನ್ಮಾದ ಕೆರಳುತ್ತದೆ.

ಮೂಡಿನ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ಬರೆದರೆ ರಕ್ತಪರೀಕ್ಷೆ ಯಾವಾಗ ಯಾವಾಗ ಅಂತ ಕೇಳಿಕೊಳ್ಳಿ. ಔಷಧದ ಮಟ್ಟ, ಥೈರಾಯ್ಡ್, ಕಿಡ್ನಿ ಮೂರನ್ನೂ ನೋಡುತ್ತಿರಬೇಕು. ವಾಂತಿ ಭೇದಿಯಾದರೆ, ಮೇ ತಿಂಗಳ ಸೆಕೆಯಲ್ಲಿ ಬೆವರಿ ಬಸವಳಿದರೆ ಅದರ ಮಟ್ಟ ಏರಬಹುದು, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಕೇಳದೆ ಕೊಡಬೇಡಿ. ಹೆಣ್ಣುಮಕ್ಕಳಿಗೆ ಇದೇ ಕೆಲಸದ ಇನ್ನೊಂದು ಔಷಧ ವಾಲ್ಪ್ರೋಯೇಟ್ ಬರೆದಾಗ ಮುಟ್ಟು, ಮುಂದಿನ ಬಸಿರು ಇವುಗಳ ಬಗ್ಗೆ ವಿವರವಾಗಿ ಕೇಳಿ. ಮಗು ಚೆನ್ನಾಗಿದೆ ಅಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಮನೆಯಲ್ಲಿ ಅಜ್ಜಿಗೆ ಹಿಂದಿ ಬಾರದು, ಅಮ್ಮನಿಗೆ ಇಂಥ ವಿಷಯ ಮರಾಠಿಯಲ್ಲಿ ಹೇಳಲಾಗದು ಅಲ್ವಾ? 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯದ ಫೋನ್ ಸಹಾಯವಾಣಿ ಟೆಲಿ ಮಾನಸ್ ಇದಕ್ಕೇ ಇದೆ. ನಂಬರ್ 14416. ಹಗಲು ರಾತ್ರಿ ಉಚಿತ. ಕನ್ನಡವೂ ಅದರ ಭಾಷೆಗಳಲ್ಲಿ ಒಂದು, ಕನ್ನಡದಲ್ಲಿ ಮಾತಾಡಬೇಕು ಅಂತ ಕೇಳಿ. ಬೇರೆ ತಂದೆತಾಯಂದಿರನ್ನು ಭೇಟಿಯಾಗಬೇಕೆಂದರೆ ಆಸ್ಪತ್ರೆಯ ಸೋಶಿಯಲ್ ವರ್ಕರನ್ನು ವಿಚಾರಿಸಿ. ಮಾಟುಂಗಾದ ಮೈಸೂರು ಅಸೋಸಿಯೇಷನ್, ನಮ್ಮ ಕರ್ನಾಟಕ ಸಂಘಗಳು ಯಕ್ಷಗಾನ ನಾಟಕಗಳ ನಡುವೆ ಒಂದು ಸಂಜೆಯನ್ನು ಈ ಮನೆಗಳಿಗಾಗಿ ಇಡಬೇಕು ಅನ್ನುವುದು ನನ್ನ ಬಲವಾದ ಆಸೆ. ನಿಮ್ಮ ಸಂಘದ ಕಾರ್ಯದರ್ಶಿಯನ್ನು ನೀವೇ ಕೇಳಿ.

ಶಾಲೆಯಲ್ಲಿ ನಂಬಿಕೆಯ ಒಬ್ಬ ಟೀಚರಿಗೆ ಹೇಳಿದರೆ ಸಾಕು. ವಿಮಾ ಕಂಪನಿ ಮಾನಸಿಕ ಕಾಯಿಲೆಗೆ ಕೊಡುವುದಿಲ್ಲ ಅಂದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ತೋರಿಸಿ. ದೇಹದ ಕಾಯಿಲೆಗೆ ಇರುವಂತೆಯೇ ಇದಕ್ಕೂ ವಿಮೆ ಇರಬೇಕು ಅಂತ ಅಲ್ಲಿದೆ. ಮಗುವನ್ನು ಅಡ್ಮಿಟ್ ಮಾಡಿದರೆ ನೀವು ಅಥವಾ ನಿಮ್ಮವರೊಬ್ಬರು ಜೊತೆಗಿರಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ.

ಸಾಯುವ ಮಾತು ಬಂದರೆ ಮಾತ್ರ ಯಾವುದಕ್ಕೂ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಮಾತ್ರೆಗಳನ್ನು ಬೀಗ ಹಾಕಿಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಶುವಲ್ಟಿಗೆ ಹೋಗಿ, ನಡುರಾತ್ರಿಯಾದರೂ ಸರಿ. ಆ ನೋಟ್‌ಬುಕ್ ಮತ್ತು ಔಷಧದ ಚೀಟಿ ಜೊತೆಗಿರಲಿ.