ತೀರಿಹೋದವರ ಖಾತೆ ಅಂಟಿಕೊಂಡಿರುವ ಹಳೇ ಫೋನ್: ನಾನು ಬಿಡಿಸುವ ಕ್ರಮ

ಸೆಕೆಂಡ್ ಹ್ಯಾಂಡ್ ಕೊಂಡ ಇಂಥ ಫೋನ್ ಕೈಗೆ ಬಂದರೆ ಮೊದಲು ಬಿದ್ದಿರುವ ಬೀಗ ಯಾವುದು ಅಂತ ಗುರುತಿಸುತ್ತೇನೆ. ಪರದೆಯ ಪಿನ್ ಒಂದು, ಗೂಗಲ್ ಅಥವಾ ಆ್ಯಪಲ್ ಖಾತೆಯ ಬೀಗ ಇನ್ನೊಂದು, ಸಿಮ್ ಕಂಪನಿ ಹಾಕಿದ ನೆಟ್‌ವರ್ಕ್ ಲಾಕ್ ಮತ್ತೊಂದು. ತೀರಿಹೋದವರು ಕೆಲಸ ಮಾಡುತ್ತಿದ್ದ ಸಂಸ್ಥೆಯೇ ಫೋನ್ ಕೊಟ್ಟಿದ್ದರೆ ಆ ಸಂಸ್ಥೆಯ ಬೀಗವೂ ಇರಬಹುದು. ಅದನ್ನು ಅವರ ಐಟಿ ವಿಭಾಗ ಮಾತ್ರ ತೆಗೆಯಬಲ್ಲದು. ‘ಅನ್‌ಲಾಕ್’ ಅಂತ ಜಾಹೀರಾತು ಹಾಕುವವರಲ್ಲಿ ಎಷ್ಟೋ ಜನ ತೆಗೆದುಕೊಡುವುದು ನೆಟ್‌ವರ್ಕ್ ಲಾಕ್ ಅಷ್ಟೇ. ದುಡ್ಡು ಕೊಟ್ಟ ಮೇಲೂ ಖಾತೆಯ ಬೀಗ ಇದ್ದಲ್ಲೇ ಇರುತ್ತದೆ.

ಫೋನ್ ರೀಸೆಟ್ ಮಾಡಿದರೆ, ಅಂದರೆ ಪೂರ್ತಿ ಅಳಿಸಿದರೆ, ಪಿನ್ ಹೋಗುತ್ತದೆ, ಅದರ ಜೊತೆ ಡೇಟಾ ಕೂಡ. ಖಾತೆಯ ಬೀಗ ಹಾಗಲ್ಲ, ಅದು ಕಾಣಿಸಿಕೊಳ್ಳುವುದೇ ರೀಸೆಟ್ ಆದ ಮೇಲೆ. ಐಫೋನಿನಲ್ಲಿ ಇದು 2013ರ ಐಒಎಸ್ 7ರಿಂದ ಇದೆ, ಹೆಸರು ಆ್ಯಕ್ಟಿವೇಶನ್ ಲಾಕ್. ಫೋನ್ ಶುರುವಾಗುವಾಗ ತನ್ನ ಗುರುತನ್ನು ಆ್ಯಪಲ್ ಸರ್ವರಿಗೆ ಕಳಿಸಿ ಅನುಮತಿ ಕೇಳುತ್ತದೆ. ಬೀಗದ ದಾಖಲೆ ಇರುವುದು ಆ ಸರ್ವರಿನಲ್ಲಿ, ಹಾಗಾಗಿ ಫೋನನ್ನು ಎಷ್ಟು ಸಲ ಅಳಿಸಿದರೂ ಅಷ್ಟೇ. ಆ್ಯಂಡ್ರಾಯ್ಡಿನಲ್ಲಿ 2015ರ 5.1 ಆವೃತ್ತಿಯಿಂದ ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ಅಥವಾ ಎಫ್‌ಆರ್‌ಪಿ ಬಂತು. ಅದರ ಗುರುತು ರೀಸೆಟ್ ಮುಟ್ಟದ, ಮೆಮೊರಿಯಲ್ಲಿ ಬೇರೆ ಮಾಡಿಟ್ಟ ಒಂದು ಚಿಕ್ಕ ಪಾರ್ಟಿಷನ್‌ನಲ್ಲಿ ಕೂತಿರುತ್ತದೆ. ರಿಕವರಿ ಮೆನುವಿನಿಂದ ಅಳಿಸಿದವರಿಗೆ ‘ಈ ಫೋನಿನಲ್ಲಿ ಮೊದಲು ಇದ್ದ ಖಾತೆಯಿಂದ ಸೈನ್ ಇನ್ ಮಾಡಿ’ ಎಂಬ ಪುಟ ಎದುರಾಗುವುದು ಇದೇ ಕಾರಣಕ್ಕೆ.

ಹಾಗಾಗಿ ಫೋನ್ ಇನ್ನೂ ಅಳಿಸದೆ ಇದ್ದರೆ ಅಳಿಸಬೇಡಿ. ನಾನು ನೋಡಿದ ತೊಡಕುಗಳಲ್ಲಿ ಹೆಚ್ಚಿನವು ಈ ಒಂದು ಅವಸರದಿಂದ ಆದವು.

ಮಾರಿದವರ ಮೂಲಕ ತೀರಿಹೋದವರ ಮನೆಯವರನ್ನು ಹುಡುಕುವುದು ಮುಂದಿನ ಕೆಲಸ. ಕೊಂಡವರು ಒಬ್ಬರೇ ಮಾಡಬಹುದಾದದ್ದು ಬಹಳ ಕಡಿಮೆ, ಮನೆಯವರು ಮನಸ್ಸು ಮಾಡಿದರೆ ಎಷ್ಟೋ ಸಲ ಹತ್ತು ನಿಮಿಷದ ಕೆಲಸ. ಮನೆಯವರಿಗೆ ಫೋನ್ ಮಾರಿದ್ದೇ ಗೊತ್ತಿಲ್ಲ ಅಂತಾದರೆ ಅಲ್ಲಿಗೇ ನಿಲ್ಲಿಸಿ ವಾಪಸ್ ಕೊಡುತ್ತೇನೆ. ಕದ್ದ ಮಾಲು ಮಾರುವವರಿಗೂ ‘ಮಾಲೀಕರು ತೀರಿಹೋದರು’ ಅನ್ನುವುದು ಹೇಳಿಕೊಳ್ಳಲು ಸಲೀಸಾದ ಮಾತು. ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಪರದೆ ತೆರೆಯುವ ಫೋನಾದರೆ ಡಯಲರ್‌ನಲ್ಲಿ *#06# ಒತ್ತಿದರೆ ಸಿಗುತ್ತದೆ. ಅಳಿಸಿದ ಐಫೋನಿನ ‘ಹಲೋ’ ಪರದೆಯಲ್ಲಿ ಮೂಲೆಯ ‘ಐ’ ಗುಂಡಿ ಒತ್ತಿದರೆ ಬರುತ್ತದೆ.

ಮನೆಯವರು ಸಿಕ್ಕ ಕೂಡಲೇ ಎರಡು ವಿಷಯ ಹೇಳುತ್ತೇನೆ: ಸಿಮ್ ಇನ್ನೂ ಚಾಲ್ತಿಯಲ್ಲಿದ್ದರೆ ಬಂದ್ ಮಾಡಿಸಬೇಡಿ, ಖಾತೆಯನ್ನೂ ಈಗಲೇ ಮುಚ್ಚಿಸಬೇಡಿ. ಒಟಿಪಿ ಬರುವುದು ಆ ನಂಬರಿಗೆ. ಖಾತೆ ಫೋನಿನಿಂದ ಬಿಡುವ ಮೊದಲೇ ಅಳಿಸಿಹೋದರೆ ಸೈನ್ ಇನ್ ಮಾಡಲು ಖಾತೆಯೇ ಉಳಿದಿರುವುದಿಲ್ಲ, ಬೀಗ ಮಾತ್ರ ಉಳಿದಿರುತ್ತದೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ ತಾನಾಗಿಯೇ ಅಳಿಸಬಹುದು, ಆದ್ದರಿಂದ ವರ್ಷಗಟ್ಟಲೆ ಮುಂದಕ್ಕೆ ಹಾಕುವ ಕೆಲಸವೂ ಇದಲ್ಲ.

ಐಫೋನಿನ ಪಾಸ್‌ಕೋಡ್ ಯಾರಿಗಾದರೂ ಗೊತ್ತಾ ಅಂತ ಕೇಳಿ. ಅಳಿಸಿಬಿಟ್ಟಿದ್ದರೂ ಈ ಪ್ರಶ್ನೆಗೆ ಬೆಲೆ ಇದೆ. ಆ್ಯಕ್ಟಿವೇಶನ್ ಲಾಕ್ ಪುಟದಲ್ಲಿ ಇಮೇಲ್ ವಿಳಾಸದ ಮೊದಲ ಅಕ್ಷರ, ಆಮೇಲೆ ಚುಕ್ಕಿಗಳು ಕಾಣುತ್ತವೆ. ಖಾತೆಗೆ ಎರಡು ಹಂತದ ದೃಢೀಕರಣ ಇದ್ದರೆ ಅದೇ ಪುಟದಲ್ಲಿ ‘ಅನ್‌ಲಾಕ್ ವಿತ್ ಪಾಸ್‌ಕೋಡ್’ ಅಂತ ಒಂದು ಸಾಲು ಇರಬಹುದು. ಎಲ್ಲರ ಕಣ್ಣೂ ಪಾಸ್‌ವರ್ಡ್ ಖಾನೆಯ ಮೇಲೇ ಇರುವುದರಿಂದ ಅದು ಗಮನಕ್ಕೆ ಬರುವುದಿಲ್ಲ. ಅಲ್ಲಿ ಹಳೇ ಪಾಸ್‌ಕೋಡ್ ಹಾಕಿದರೆ ಖಾತೆಯ ಪಾಸ್‌ವರ್ಡ್ ಇಲ್ಲದೆಯೂ ಫೋನ್ ಮುಂದಕ್ಕೆ ಹೋಗುತ್ತದೆ.

ಪಾಸ್‌ವರ್ಡ್ ಮಾತ್ರ ಗೊತ್ತಿದ್ದರೆ ಫೋನನ್ನು ಕಳಿಸಿಕೊಡುವ ಅಗತ್ಯವೂ ಇಲ್ಲ. ಮನೆಯವರು ಐಕ್ಲೌಡ್ ತಾಣದ ‘ಫೈಂಡ್ ಡಿವೈಸಸ್’ ಪುಟಕ್ಕೆ ಹೋಗಿ, ಆ ಫೋನನ್ನು ಆರಿಸಿ, ಮೊದಲು ಅಳಿಸಿ, ಆಮೇಲೆ ‘ರಿಮೂವ್ ದಿಸ್ ಡಿವೈಸ್’ ಒತ್ತಬೇಕು. ಫೋನ್ ಕಳೆದುಹೋದಾಗ ಒಟಿಪಿಯೂ ಕೈಗೆ ಸಿಗದು ಅಂತಲೇ ಆ ಪುಟ ಎರಡನೇ ಹಂತದ ಕೋಡ್ ಕೇಳದಂತೆ ಮಾಡಿದ್ದಾರೆ. ಬರೀ ಅಳಿಸಿ ಬಿಟ್ಟರೆ ಬೀಗ ಹೋಗುವುದಿಲ್ಲ, ಎರಡನೆಯದು ಮಾಡಲೇಬೇಕು. ಯಾರಾದರೂ ಲಾಸ್ಟ್ ಮೋಡ್ (ಕಳೆದುಹೋದ ಫೋನಿಗೆ ದೂರದಿಂದ ಹಾಕುವ ಬೀಗ) ಹಾಕಿದ್ದರೆ ಅದನ್ನೂ ಅಲ್ಲಿಯೇ ತೆಗೆಸಿ.

ಪಾಸ್‌ಕೋಡೂ ಇಲ್ಲ, ಪಾಸ್‌ವರ್ಡೂ ಇಲ್ಲ ಅಂದರೆ ಉಳಿದದ್ದು ಕಾಗದದ ದಾರಿ. ತೀರಿಹೋದವರು ಬದುಕಿದ್ದಾಗ ಯಾರನ್ನಾದರೂ ಲೆಗಸಿ ಕಾಂಟ್ಯಾಕ್ಟ್, ಅಂದರೆ ತಮ್ಮ ನಂತರ ಖಾತೆ ನೋಡಬಲ್ಲವರನ್ನಾಗಿ, ಮಾಡಿದ್ದರೆ (2021ರ ಡಿಸೆಂಬರಿನ ಐಒಎಸ್ 15.2ರಿಂದ ಈ ಸೌಲಭ್ಯ ಇದೆ) ಅವರ ಹತ್ತಿರ ಒಂದು ಆ್ಯಕ್ಸೆಸ್ ಕೀ ಇರುತ್ತದೆ. ಆ ಕೀ, ಮರಣ ಪ್ರಮಾಣಪತ್ರ ಎರಡನ್ನೂ ಆ್ಯಪಲ್‌ನ ಡಿಜಿಟಲ್ ಲೆಗಸಿ ಪುಟದಲ್ಲಿ ಸಲ್ಲಿಸಬೇಕು. ಒಪ್ಪಿಗೆ ಸಿಕ್ಕರೆ ಆ ಖಾತೆಯಲ್ಲಿದ್ದ ಎಲ್ಲ ಸಾಧನಗಳ ಆ್ಯಕ್ಟಿವೇಶನ್ ಲಾಕ್ ಹೋಗುತ್ತದೆ. ಲೆಗಸಿ ಕಾಂಟ್ಯಾಕ್ಟ್ ಇಲ್ಲದಿದ್ದರೆ ಮನೆಯವರೇ ಆ್ಯಪಲ್ ಸಪೋರ್ಟಿಗೆ ಅರ್ಜಿ ಹಾಕಬೇಕು. ದೇಶವನ್ನು ನೋಡಿಕೊಂಡು ಮರಣ ಪ್ರಮಾಣಪತ್ರದ ಜೊತೆ ನ್ಯಾಯಾಲಯದ ಆದೇಶ ಅಥವಾ ವಾರಸುದಾರಿಕೆಯ ಬೇರೆ ದಾಖಲೆ ಕೇಳುತ್ತಾರೆ. ಆದೇಶ ಬೇಕಾದಲ್ಲಿ ತೀರಿಹೋದವರ ಹೆಸರಿನ ಜೊತೆ ಅವರ ಆ್ಯಪಲ್ ಖಾತೆಯ ಇಮೇಲ್ ವಿಳಾಸವೂ ಅದರಲ್ಲಿ ಇರಬೇಕು. ಅದನ್ನು ಬಿಟ್ಟು ಆದೇಶ ತಂದರೆ ಮತ್ತೆ ಓಡಾಟ.

ಮೂರನೇ ದಾರಿ ಖರೀದಿಯ ರಸೀದಿ. ಆ್ಯಕ್ಟಿವೇಶನ್ ಲಾಕ್ ತೆಗೆಸಲು ಆ್ಯಪಲ್‌ನ ಸಪೋರ್ಟ್ ಪುಟದಲ್ಲಿ ನೇರವಾಗಿ ಕೋರಿಕೆ ಸಲ್ಲಿಸಬಹುದು. ಅದಕ್ಕೆ ಬೇಕಾದ್ದು ಫೋನ್ ಹೊಸದಾಗಿ ಮಾರಾಟವಾದಾಗಿನ ಮೂಲ ಬಿಲ್. ಸೆಕೆಂಡ್ ಹ್ಯಾಂಡ್ ಕೊಂಡಾಗ ಬರೆಸಿಕೊಂಡ ಚೀಟಿಯನ್ನು ನಂಬಿ ಕೂರಬೇಡಿ. ಬಿಲ್ಲಿನಲ್ಲಿ ಐಎಂಇಐ ಅಥವಾ ಸೀರಿಯಲ್ ನಂಬರ್ ಸ್ಪಷ್ಟವಾಗಿ ಓದಲು ಬರಬೇಕು. ಅದಕ್ಕೇ ಮನೆಯವರ ಹತ್ತಿರ ಬಿಲ್ಲಿನ ಜೊತೆ ಹಳೇ ಡಬ್ಬಿಯ ಲೇಬಲ್ಲಿನ ಫೋಟೋವನ್ನೂ ಕೇಳಿ ತರಿಸಿಕೊಳ್ಳುತ್ತೇನೆ, ನಂಬರ್ ತಾಳೆ ನೋಡಲು ಆಗುತ್ತದೆ. ಫೋನ್ ಲಾಸ್ಟ್ ಮೋಡ್‌ನಲ್ಲಿದ್ದರೆ ಈ ಕೋರಿಕೆ ನಡೆಯುವುದಿಲ್ಲ.

ಈ ಯಾವ ದಾರಿಯಲ್ಲೂ ಪಾಸ್‌ಕೋಡ್ ಹಿಂದಿರುವ ಫೋಟೋಗಳು ಫೋನಿನಿಂದ ಸಿಗುವುದಿಲ್ಲ. ಆ ಬೀಗವನ್ನು ಆ್ಯಪಲ್ ಕೂಡ ಡೇಟಾ ಉಳಿಸಿಕೊಂಡು ತೆಗೆಯಲಾರದು. ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೀಗ ತೆಗೆದರೆ ಅಪ್ಪನ ಫೋಟೋ ಬರುತ್ತದೆ ಅಂತ ಕಾದು ಕೂತವರಿಗೆ ಕೊನೆಯಲ್ಲಿ ಹೇಳುವುದು ಕಷ್ಟ.

ಅಳಿಸುವ ಹಂತ ಬಂದಾಗ ಪಾಸ್‌ಕೋಡ್ ಇಲ್ಲದ ಐಫೋನನ್ನು ಕಂಪ್ಯೂಟರಿಗೆ ಜೋಡಿಸಿ ರಿಕವರಿ ಮೋಡಿಗೆ ತರಬೇಕು. ಐಫೋನ್ 8 ಮತ್ತು ಆಮೇಲಿನವಕ್ಕೆ: ವಾಲ್ಯೂಮ್ ಅಪ್ ಒತ್ತಿ ಬಿಡಿ, ವಾಲ್ಯೂಮ್ ಡೌನ್ ಒತ್ತಿ ಬಿಡಿ, ಆಮೇಲೆ ಬದಿಯ ಗುಂಡಿಯನ್ನು ಒತ್ತಿ ಹಿಡಿಯಿರಿ. ಆ್ಯಪಲ್ ಗುರುತು ಬಂದರೂ ಬೆರಳು ತೆಗೆಯಬೇಡಿ, ಕೇಬಲ್ ಮತ್ತು ಕಂಪ್ಯೂಟರಿನ ಚಿತ್ರ ಬರುವ ತನಕ ಹಿಡಿದೇ ಇರಬೇಕು. ಆಮೇಲೆ ಕಂಪ್ಯೂಟರಿನ ಪರದೆಯಲ್ಲಿ ಅಪ್‌ಡೇಟ್ ಅಲ್ಲ, ರಿಸ್ಟೋರ್ ಆರಿಸಿ. ಸಾಫ್ಟ್‌ವೇರ್ ಇಳಿಯಲು 15 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಫೋನ್ ತಾನೇ ರಿಕವರಿಯಿಂದ ಹೊರಬರುತ್ತದೆ. ಗಾಬರಿ ಬೇಡ, ಡೌನ್‌ಲೋಡ್ ಮುಗಿಯಲಿ, ಗುಂಡಿಗಳ ಕೆಲಸ ಮತ್ತೊಮ್ಮೆ ಮಾಡಿ.

ಆ್ಯಂಡ್ರಾಯ್ಡಿನಲ್ಲಿ ಪಿನ್ ಗೊತ್ತಿದ್ದರೆ ಸುಲಭ. ಸೆಟ್ಟಿಂಗ್ಸಿಗೆ ಹೋಗಿ ಮೊದಲು ಗೂಗಲ್ ಖಾತೆ ತೆಗೆಯಿರಿ. ತಯಾರಕರ ಖಾತೆಯೂ ಇದ್ದರೆ, ಉದಾಹರಣೆಗೆ ಸ್ಯಾಮ್‌ಸಂಗ್ ಅಥವಾ ಶಿಯೋಮಿಯದು, ಅದನ್ನೂ ತೆಗೆಯಿರಿ. ಅದು ಬೇರೆಯದೇ ಬೀಗ, ಗೂಗಲ್ ಖಾತೆ ಹೋದ ಮೇಲೂ ಕಾಡುತ್ತದೆ. ಕೊನೆಗೆ ಸೆಟ್ಟಿಂಗ್ಸಿನಿಂದಲೇ ರೀಸೆಟ್. ಈಗಾಗಲೇ ಅಳಿಸಿದ್ದರೆ ಸೆಟಪ್‌ನಲ್ಲಿ ಹಳೇ ಪಿನ್ ಅಥವಾ ಪ್ಯಾಟರ್ನ್ ಕೇಳುವ ಪುಟ ಬರಬಹುದು, ಗೊತ್ತಿದ್ದರೆ ಅಲ್ಲಿ ಹಾಕಿದರೆ ಸಾಕು. ಮನೆಯವರು ಖಾತೆಯ ಪಾಸ್‌ವರ್ಡನ್ನು ಹೊಸದಾಗಿ ಬದಲಾಯಿಸಿದ್ದರೆ ರೀಸೆಟ್ ಮಾಡುವ ಮುಂಚೆ 24 ಗಂಟೆ ಕಾಯಿರಿ, ಗೂಗಲ್ ಹೇಳುವುದೂ ಇದನ್ನೇ. ದೂರದಿಂದ ಅಳಿಸಿದರೆ ಎಫ್‌ಆರ್‌ಪಿ ಹೋಗುವುದಿಲ್ಲ, ಉಲ್ಟಾ ಎದ್ದು ಕೂರುತ್ತದೆ.

ತೀರಿಹೋದವರ ಖಾತೆಯ ಬಗ್ಗೆ ಗೂಗಲ್‌ಗೆ ಮನೆಯವರು ಅರ್ಜಿ ಹಾಕಬಹುದು, ಆದರೆ ಪಾಸ್‌ವರ್ಡ್ ಅವರು ಯಾರಿಗೂ ಕೊಡುವುದಿಲ್ಲ. ಹಾಗಾಗಿ ಇಲ್ಲಿ ನಾನು ಹಿಡಿಯುವ ದಾರಿ ತಯಾರಕರ ಅಧಿಕೃತ ಸರ್ವಿಸ್ ಸೆಂಟರ್. ಮೂಲ ಬಿಲ್, ಮರಣ ಪ್ರಮಾಣಪತ್ರದ ಪ್ರತಿ, ಮನೆಯವರ ಸಹಿ ಇರುವ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿ. ಮನೆಯವರೇ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಮೊದಲು ಫೋನ್ ಮಾಡಿ, ಆ ಕಂಪನಿ ಎಫ್‌ಆರ್‌ಪಿ ತೆಗೆದುಕೊಡುತ್ತದಾ ಅಂತ ಕೇಳಿಕೊಂಡೇ ಹೋಗಿ.

ಬೈಪಾಸ್ ಟೂಲುಗಳನ್ನು ನಾನು ಮುಟ್ಟುವುದಿಲ್ಲ. ಐಫೋನ್ ಎಕ್ಸ್ ತನಕದ ಮಾದರಿಗಳ ಚಿಪ್‌ನಲ್ಲಿರುವ ಒಂದು ದೋಷ 2019ರಲ್ಲಿ ಬಯಲಾಯಿತು, ಅದನ್ನು ಹಿಡಿದುಕೊಂಡು ಬೀಗ ‘ತೆಗೆದುಕೊಡುವವರು’ ಇದ್ದಾರೆ. ಸರ್ವರಿನಲ್ಲಿ ಬೀಗ ಹಾಗೇ ಇರುತ್ತದೆ. ಎಷ್ಟೋ ಫೋನುಗಳಲ್ಲಿ ಕರೆ ಹೋಗುವುದಿಲ್ಲ, ಅಪ್‌ಡೇಟ್ ಮಾಡಿದರೆ ಮತ್ತೆ ಅದೇ ಪುಟ. ಆ್ಯಂಡ್ರಾಯ್ಡ್ 15ರಲ್ಲಿ ಸೆಟಪ್ ತಪ್ಪಿಸಿ ನುಸುಳುವ ಹಳೇ ದಾರಿಗಳನ್ನೂ ಬಿಗಿ ಮಾಡಿದ್ದಾರೆ. ‘ಹೋಗಲಿ, ಬಿಡಿಭಾಗಕ್ಕಾದರೂ ಆಗುತ್ತದೆ’ ಅನ್ನುವ ಲೆಕ್ಕವೂ ಈಗ ಪೂರ್ತಿ ನಡೆಯುವುದಿಲ್ಲ. ಐಒಎಸ್ 18ರಿಂದ ಬೀಗ ಬಿದ್ದ ಐಫೋನಿನ ಬ್ಯಾಟರಿ, ಡಿಸ್‌ಪ್ಲೇ, ಕ್ಯಾಮೆರಾ ಇನ್ನೊಂದು ಫೋನಿಗೆ ಹಾಕಿದರೆ ಅಲ್ಲಿಯೂ ಹಳೇ ಮಾಲೀಕರ ಪಾಸ್‌ವರ್ಡ್ ಕೇಳಬಹುದು.

ಬೀಗ ಹೋಯಿತು ಅಂತ ಸಂದೇಶ ಬಂದ ಮೇಲೂ ‘ಹಲೋ’ ಪರದೆ ಕಂಡ ಮಾತ್ರಕ್ಕೆ ನಂಬಬೇಡಿ, ಬೀಗ ಇರುವ ಫೋನಿನಲ್ಲೂ ಅದು ಬರುತ್ತದೆ. ವೈಫೈ ಜೋಡಿಸಿ, ಆ್ಯಕ್ಟಿವೇಶನ್ ದಾಟಿ, ಹೋಮ್ ಸ್ಕ್ರೀನ್ ತಲುಪುವ ತನಕ ಸೆಟಪ್ ನಡೆಸಿ. ಇನ್ನೊಮ್ಮೆ ಅಳಿಸಿ, ಮತ್ತೊಂದು ಸಲ ಅಲ್ಲಿಯ ತನಕ ಹೋಗಿ ನೋಡಿ. ಎರಡೂ ಸಲ ಸರಾಗವಾಗಿ ಹೋದರೆ ಮನೆಯವರಿಗೆ ತಿಳಿಸಿ, ಸಿಮ್ ಮತ್ತು ಖಾತೆ ಮುಚ್ಚಿಸಲು ಈಗ ಅಡ್ಡಿಯಿಲ್ಲ.