ಥೈರಾಯ್ಡ್ ಗಂಟಿನ ಸೂಜಿ ರಿಪೋರ್ಟ್ ಓದುವುದು ಹೇಗೆ

ಕುತ್ತಿಗೆಯಲ್ಲಿ ಗಂಟು ಬಂದವರು ಮೊದಲು ನೋಡುವುದು ಟಿಎಸ್‌ಎಚ್. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ತೋರಿಸುವ ರಕ್ತಪರೀಕ್ಷೆ ಅದು. ನಾರ್ಮಲ್ ಅಂದರೆ ಸಮಾಧಾನ. ಆದರೆ ಥೈರಾಯ್ಡ್ ಕ್ಯಾನ್ಸರ್ ಇರುವ ಎಷ್ಟೋ ಜನಕ್ಕೆ ಟಿಎಸ್‌ಎಚ್ ನಾರ್ಮಲ್ಲೇ ಇರುತ್ತದೆ. ಗಂಟಿನ ಗುಣ ತಿಳಿಯಲು ಸ್ಕ್ಯಾನ್ ಬೇಕು, ಎಫ್‌ಎನ್‌ಎಸಿ ಬೇಕು. ಎಫ್‌ಎನ್‌ಎಸಿ ಅಂದರೆ ಸಣ್ಣ ಸೂಜಿಯಿಂದ ಗಂಟಿನ ಜೀವಕೋಶ ತೆಗೆದು, ಗಾಜಿನ ಸ್ಲೈಡಿಗೆ ಹಚ್ಚಿ ನೋಡುವ ಪರೀಕ್ಷೆ. ನಾನು ಮಂಡ್ಯದ ಲ್ಯಾಬೊಂದರಲ್ಲಿ ಆ ಸ್ಲೈಡುಗಳಿಗೆ ಬಣ್ಣ ಹಾಕುವವಳು. ಹೆದರಬೇಡಿ, ಹತ್ತು ಗಂಟಿನಲ್ಲಿ ಒಂಬತ್ತರಷ್ಟು ಕ್ಯಾನ್ಸರ್ ಆಗಿರುವುದಿಲ್ಲ.

ರಿಪೋರ್ಟಿನಲ್ಲಿ ‘ಬೆಥೆಸ್ಡಾ’ ಎಲ್ಲಿದೆ ನೋಡಿ. ಸೂಜಿ ರಿಪೋರ್ಟನ್ನು ಆರು ಗುಂಪಾಗಿ ವಿಂಗಡಿಸುವ ಪದ್ಧತಿಯ ಹೆಸರು ಅದು. ಪಕ್ಕದಲ್ಲಿ 1ರಿಂದ 6ರೊಳಗಿನ ಅಂಕಿ ಇರುತ್ತದೆ. ಇದು ಸ್ಟೇಜ್ ಅಲ್ಲ, ಸುಮ್ನೆ ಗಾಬರಿಯಾಗಬೇಡಿ. 1 ಅಂದರೆ ಸ್ಯಾಂಪಲ್ ಸಾಲಲಿಲ್ಲ, ಸಾಮಾನ್ಯವಾಗಿ ಮತ್ತೆ ಚುಚ್ಚುತ್ತಾರೆ. 2 ಕ್ಯಾನ್ಸರ್ ಅಲ್ಲ. 3 ಗೊಂದಲ. 5 ಬಲವಾದ ಅನುಮಾನ, 6 ಕ್ಯಾನ್ಸರ್.

ಜಗಳ ಆಗುವುದೆಲ್ಲ 4ರ ಹತ್ತಿರ, ಅಂದರೆ ‘ಫಾಲಿಕ್ಯುಲರ್’ ಅನ್ನುವ ಜಾತಿಯ ಗಂಟು ಇರಬಹುದು ಅನ್ನುವ ಅನುಮಾನ. ‘ಸೂಜಿ ಹಾಕಿದರೂ ಗೊತ್ತಾಗಲಿಲ್ವಾ?’ ಅಂತ ಕೌಂಟರಿನಲ್ಲಿ ಕೇಳುತ್ತಾರೆ. ಫಾಲಿಕ್ಯುಲರ್ ಗಂಟು ಕ್ಯಾನ್ಸರಾ ಅಲ್ವಾ ಅನ್ನುವುದು ಅದು ತನ್ನ ಸುತ್ತಲಿನ ಪೊರೆಯನ್ನೋ ರಕ್ತನಾಳವನ್ನೋ ಒಡೆದು ನುಗ್ಗಿದೆಯಾ ಅನ್ನುವುದರ ಮೇಲೆ ನಿಂತಿದೆ. ಸೂಜಿಗೆ ಬರುವುದು ಬಿಡಿ ಜೀವಕೋಶ, ಪೊರೆ ಬರುವುದಿಲ್ಲ. ಅದಕ್ಕೇ ಎಷ್ಟೋ ಸಲ ಅರ್ಧ ಥೈರಾಯ್ಡ್ ತೆಗೆದು ನೋಡಬೇಕಾಗುತ್ತದೆ.

ಕ್ಯಾನ್ಸರ್ ಅಂತ ಬಂದರೆ ಯಾವ ಜಾತಿ ಅಂತ ಕೇಳಿ. ಹತ್ತರಲ್ಲಿ ಎಂಟು ಪ್ಯಾಪಿಲರಿ. ಮೈಕ್ರೋಸ್ಕೋಪಿನಲ್ಲಿ ಇದರ ಜೀವಕೋಶದ ಕೇಂದ್ರದ (ನ್ಯೂಕ್ಲಿಯಸ್) ಮಧ್ಯೆ ಕಾಫಿ ಬೀಜದ ಹಾಗೆ ಗೀರು ಕಾಣುತ್ತದೆ. ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ. ಕುತ್ತಿಗೆಯ ಲಿಂಫ್ ಗಂಟಿಗೆ ಹರಡಿದ್ದರೂ ಬಹುತೇಕ ವಾಸಿಯಾಗುತ್ತದೆ. ದಕ್ಷಿಣ ಕೊರಿಯಾದಲ್ಲಿ ರೋಗಲಕ್ಷಣ ಇಲ್ಲದವರಿಗೂ ಸ್ಕ್ಯಾನ್ ಮಾಡತೊಡಗಿದಾಗ, 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ ಸುಮಾರು 15 ಪಟ್ಟು ಏರಿತು. ಸಾವು ಮಾತ್ರ ಏರಲಿಲ್ಲ. ಹೆಚ್ಚಿನವು ಪುಟಾಣಿ ಪ್ಯಾಪಿಲರಿಗಳು.

ಫಾಲಿಕ್ಯುಲರ್ ಕ್ಯಾನ್ಸರ್ ರಕ್ತದ ಮೂಲಕ ಮೂಳೆಗೆ, ಶ್ವಾಸಕೋಶಕ್ಕೆ ಹೋಗಬಹುದು. ಮೆಡುಲರಿ ಅನ್ನುವ ಇನ್ನೊಂದು ಜಾತಿಗೆ ರಕ್ತದಲ್ಲಿ ಕ್ಯಾಲ್ಸಿಟೋನಿನ್ ಅನ್ನುವ ಹಾರ್ಮೋನ್ ನೋಡುತ್ತಾರೆ. ನಾಲ್ಕರಲ್ಲಿ ಒಂದು ವಂಶದಲ್ಲಿ ಬಂದಿರುತ್ತದೆ, ಹಾಗಾಗಿ ‘ಆರ್‌ಇಟಿ’ ಜೀನ್ ಟೆಸ್ಟ್ ಬಗ್ಗೆ ಕೇಳಿ. ಅದರಲ್ಲಿ ದೋಷ ಸಿಕ್ಕರೆ ಮಕ್ಕಳಿಗೂ ಒಡಹುಟ್ಟಿದವರಿಗೂ ಟೆಸ್ಟ್ ಆಗಬೇಕು. ಅನಾಪ್ಲಾಸ್ಟಿಕ್ ಅನ್ನುವ ಜಾತಿ ತೀರಾ ಅಪರೂಪ, ಬಹುತೇಕ ವಯಸ್ಸಾದವರಿಗೆ. ಗಂಟು ವಾರಗಳಲ್ಲೇ ದಪ್ಪವಾಗಿ, ದನಿ ಒಡೆದು, ಉಸಿರು ಕಟ್ಟಿದರೆ ಹಬ್ಬ ಮುಗಿಯಲಿ, ಕಬ್ಬು ಕಡಿಯಲಿ ಅಂತ ಕಾಯಬೇಡಿ.

ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೊರಡುವಾಗ ಬರೀ ಕಾಗದ ಒಯ್ಯಬೇಡಿ. ಲ್ಯಾಬಿನಲ್ಲಿ ಸ್ಲೈಡ್ ಕೇಳಿ. ಆಪರೇಷನ್ ಆಗಿದ್ದರೆ ತೆಗೆದ ಗಂಟಿನ ತುಣುಕು ಇಟ್ಟಿರುವ ಮೇಣದ ಬ್ಲಾಕನ್ನೂ ಕೇಳಿ. ಸಹಿ ಹಾಕಿಸಿಕೊಂಡು ಕೊಡುತ್ತೇವೆ.