ಹಿತ್ತಿಲಿನ ಪುಟ್ಟ ಮನೆಗೆ ಬೆಳಕನ್ನು ಯೋಜಿಸುವ ಬಗೆ

ಮೈಸೂರು, ಬೆಂಗಳೂರು, ಹುಬ್ಬಳ್ಳಿಯಂಥ ಊರುಗಳ ಹಳೆಯ ಬಡಾವಣೆಗಳಲ್ಲಿ ಮನೆಯ ಹಿಂದೆ ಉಳಿದ ಜಾಗದಲ್ಲಿ ಒಂದು ಕೋಣೆ, ಅಡುಗೆಮನೆ ಮತ್ತು ಬಚ್ಚಲು ಇರುವ ಔಟ್‌ಹೌಸ್ ಕಟ್ಟಿಸುವವರು ಇಂದಿಗೂ ಇದ್ದಾರೆ. ವಯಸ್ಸಾದ ತಂದೆತಾಯಿಗೆಂದೋ, ಬಾಡಿಗೆಗೆಂದೋ ಕಟ್ಟುವ ಈ ಮನೆಯಲ್ಲಿ ಸಿಮೆಂಟು, ಕಬ್ಬಿಣ, ಟೈಲ್ಸ್‌ಗಳ ಬಗ್ಗೆ ನಡೆಯುವಷ್ಟು ಚರ್ಚೆ ಬೆಳಕಿನ ಬಗ್ಗೆ ನಡೆಯುವುದಿಲ್ಲ. ಕೋಣೆಗೊಂದು ಟ್ಯೂಬ್‌ಲೈಟ್, ಬಚ್ಚಲಿಗೊಂದು ಬಲ್ಬು ಎಂದು ಎಲೆಕ್ಟ್ರಿಷಿಯನ್ ತಾನಾಗಿಯೇ ತೀರ್ಮಾನಿಸಿ ಪೈಪು ಎಳೆದುಬಿಡುತ್ತಾನೆ. ದೊಡ್ಡ ಮನೆಯಲ್ಲಾದರೆ ಇದು ಹೇಗೋ ನಡೆದೀತು. ಆದರೆ ಒಂದೇ ಕೋಣೆ ಕೂರುವ, ಉಣ್ಣುವ, ಓದುವ, ಮಲಗುವ ಜಾಗವೂ ಆಗಿರುವ ಕಡೆ ಒಂದೇ ದೀಪ ಈ ಎಲ್ಲ ಕೆಲಸಕ್ಕೂ ಒದಗಲಾರದು. ಆದ್ದರಿಂದ ದೀಪಗಳನ್ನು ಕೋಣೆಯ ಲೆಕ್ಕದಲ್ಲಲ್ಲ, ಅಲ್ಲಿ ನಡೆಯುವ ಕೆಲಸದ ಲೆಕ್ಕದಲ್ಲಿ ಯೋಜಿಸಬೇಕು, ಮತ್ತು ಅದನ್ನು ಸ್ಲ್ಯಾಬ್ ಹಾಕುವ ಮೊದಲೇ ಮಾಡಬೇಕು.

ಉದಾಹರಣೆಗೆ 12 ಅಡಿ ಅಗಲ, 22 ಅಡಿ ಉದ್ದದ ಮನೆಯೊಂದನ್ನು ತೆಗೆದುಕೊಳ್ಳೋಣ. ಮುಂದೆ 12×14 ಅಡಿಯ ಕೋಣೆ, ಹಿಂದೆ 7×8 ಅಡಿಯ ಅಡುಗೆಮನೆ, ಅದರ ಪಕ್ಕಕ್ಕೆ 5×8 ಅಡಿಯ ಬಚ್ಚಲು.

ಮೊದಲ ಕೆಲಸ ಹಗಲಿನ ಬೆಳಕಿನದು. ಹಿತ್ತಿಲಿನ ಮನೆಗೆ ಒಂದು ಕಡೆ ಮುಖ್ಯ ಮನೆಯ ನೆರಳು, ಉಳಿದ ಕಡೆ ಕಾಂಪೌಂಡ್ ಗೋಡೆ ಇರುತ್ತದೆ. ಹೀಗಾಗಿ ನಕ್ಷೆಯಲ್ಲಿ ದೊಡ್ಡದಾಗಿ ಕಾಣುವ ಕಿಟಕಿಯೂ ಹಗಲಿನಲ್ಲಿ ಮಂಕಾಗಿರಬಹುದು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕಿಟಕಿ ಮತ್ತು ವೆಂಟಿಲೇಟರುಗಳ ಒಟ್ಟು ಅಳತೆ ಒಣ ಬಿಸಿಲಿನ ಪ್ರದೇಶದಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗವಾದರೂ, ತೇವದ ಸೆಕೆಯ ಪ್ರದೇಶದಲ್ಲಿ ಆರನೇ ಒಂದು ಭಾಗವಾದರೂ ಇರಬೇಕು. ನಮ್ಮ 168 ಚದರಡಿಯ ಕೋಣೆಗೆ ಕಲಬುರಗಿಯಲ್ಲಾದರೆ ಸುಮಾರು 17 ಚದರಡಿ, ಮಂಗಳೂರಿನಲ್ಲಾದರೆ 28 ಚದರಡಿ ತೆರಪು ಬೇಕಾಗುತ್ತದೆ. ಬಾಗಿಲನ್ನು ಇದರಲ್ಲಿ ಸೇರಿಸುವಂತಿಲ್ಲ.

ಕಿಟಕಿಯ ಅಗಲಕ್ಕಿಂತ ಅದರ ಮೇಲಂಚಿನ ಎತ್ತರ ಮುಖ್ಯ ಎಂಬುದನ್ನು ಮೇಸ್ತ್ರಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮೇಲಂಚು ಎಷ್ಟು ಎತ್ತರದಲ್ಲಿರುತ್ತದೋ ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಉಪಯೋಗಕ್ಕೆ ಬರುವ ಬೆಳಕು ಒಳಗೆ ತಲುಪುತ್ತದೆ ಎಂಬುದು ವಾಸ್ತುಶಿಲ್ಪಿಗಳ ಅಂದಾಜು ಸೂತ್ರ. ಕಿಟಕಿಯ ಮೇಲೆ ಅಡ್ಡಲಾಗಿ ಕೂರುವ ಲಿಂಟೆಲನ್ನು ಏಳು ಅಡಿಗಿಂತ ಕೆಳಗಿಳಿಸದೆ, ಅದರ ಮೇಲೊಂದು ವೆಂಟಿಲೇಟರನ್ನೂ ಕೊಟ್ಟರೆ ಕೋಣೆಯ ಹಿಂಬದಿಯ ಮೂಲೆಗೂ ಬೆಳಕು ಸಿಗುತ್ತದೆ. ಕಿಟಕಿಯ ಎದುರು ಮೂರು ಅಡಿಯಲ್ಲೇ ಕಾಂಪೌಂಡ್ ಗೋಡೆ ಇದ್ದರೆ ಅದಕ್ಕೆ ಬಿಳಿ ಸುಣ್ಣ ಬಳಿಸಬೇಕು. ಹಾಗೆ ಮಾಡಿದರೆ ಆ ಗೋಡೆಯೇ ಆಕಾಶದ ಬೆಳಕನ್ನು ಒಳಕ್ಕೆ ತಿರುಗಿಸುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಬೆಳಕು ತರುವ ಉಪಾಯ ಬೇರೊಂದಿಲ್ಲ.

ದಿಕ್ಕಿನ ವಿಚಾರಕ್ಕೆ ಬಂದರೆ, ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ತಿಂಗಳುಗಳಲ್ಲೆಲ್ಲ ಅವನದು ದಕ್ಷಿಣದ ದಾರಿ. ಆದ್ದರಿಂದ ಉತ್ತರದ ಕಿಟಕಿಯಿಂದ ವರ್ಷದ ಬಹುಪಾಲು ಬಿಸಿಲಿಲ್ಲದ ಸಮನಾದ ಬೆಳಕು ಬರುತ್ತದೆ ಮತ್ತು ಓದುವ ಮೇಜಿಗೆ ಅದೇ ಯೋಗ್ಯ ಜಾಗ. ಪಶ್ಚಿಮದ ಕಿಟಕಿ ಸಂಜೆ ಬೆಳಕಿಗಿಂತ ಹೆಚ್ಚಾಗಿ ಬಿಸಿಯನ್ನೇ ತರುವುದರಿಂದ ಅದನ್ನು ಚಿಕ್ಕದಾಗಿಟ್ಟು ಸಜ್ಜಾ ಹಾಕಿಸುವುದು ಒಳ್ಳೆಯದು.

ಚಾವಣಿ ಮಂಗಳೂರು ಹೆಂಚಿನದಾದರೆ ಕೆಲಸ ಇನ್ನೂ ಸುಲಭ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹಬ್ಬಿದ ಈ ಹೆಂಚಿನ ಅಚ್ಚಿಗೇ ಹೊಂದುವ ಗಾಜಿನ ಹೆಂಚು ಇಂದಿಗೂ ಸಿಗುತ್ತದೆ. ಅಡುಗೆಮನೆಯ ಮೇಲೆ ಒಂದೆರಡು ಗಾಜಿನ ಹೆಂಚುಗಳಿದ್ದರೆ ಹಗಲಿನಲ್ಲಿ ಸ್ವಿಚ್ ಮುಟ್ಟಬೇಕಾಗಿಲ್ಲ. ಉತ್ತರದ ಇಳಿಜಾರಿನಲ್ಲಿ ಹಾಕಿಸಿ. ಹಾಸಿಗೆಯ ನೇರಕ್ಕೆ ಮಾತ್ರ ಬೇಡ. ಆರ್‌ಸಿಸಿ ತಾರಸಿಯಲ್ಲಿ ಬೆಳಕಿಂಡಿ ಬಿಡಬೇಕೆಂದು ಕೆಲವರು ಆಸೆಪಡುತ್ತಾರೆ. ಮಳೆಗಾಲದಲ್ಲಿ ಅಂಚಿನಿಂದ ನೀರು ಜಿನುಗುವ ತಾಪತ್ರಯವನ್ನು ನೋಡಿದರೆ, ಸಣ್ಣ ಮನೆಗೆ ಎತ್ತರದ ವೆಂಟಿಲೇಟರೇ ಲೇಸು ಎನ್ನುವುದು ನನ್ನ ಅಭಿಪ್ರಾಯ.

ಇನ್ನು ದೀಪಗಳ ಲೆಕ್ಕ. ಅಂಗಡಿಯಲ್ಲಿ ಎಲ್ಲರೂ ವ್ಯಾಟ್ ಕೇಳುತ್ತಾರೆ, ಆದರೆ ವ್ಯಾಟ್ ಹೇಳುವುದು ದೀಪ ನುಂಗುವ ವಿದ್ಯುತ್ತನ್ನು. ಅದು ಕೊಡುವ ಬೆಳಕಿನ ಅಳತೆ ಲುಮೆನ್. ಆ ಬೆಳಕು ಒಂದು ಚದರ ಮೀಟರ್ ಜಾಗದ ಮೇಲೆ ಎಷ್ಟು ಬೀಳುತ್ತದೆ ಎಂಬುದು ಲಕ್ಸ್. ಸಾಧಾರಣ ಎಲ್‌ಇಡಿ ದೀಪ ಪ್ರತಿ ವ್ಯಾಟಿಗೆ ಸುಮಾರು 100 ಲುಮೆನ್ ಕೊಡುತ್ತದೆ ಎಂದಿಟ್ಟುಕೊಳ್ಳಬಹುದು. ನಮ್ಮ ಕೋಣೆ ಸುಮಾರು 15.6 ಚದರ ಮೀಟರ್. ಓಡಾಟಕ್ಕೆ, ಮಾತುಕತೆಗೆ 100 ಲಕ್ಸ್ ಸಾಕು ಎಂದುಕೊಂಡರೆ 1,560 ಲುಮೆನ್ ಬೇಕು. ಆದರೆ ದೀಪದಿಂದ ಹೊರಟ ಬೆಳಕಿನ ಹೆಚ್ಚುಕಡಿಮೆ ಅರ್ಧದಷ್ಟು ಗೋಡೆ, ಚಾವಣಿ, ಧೂಳುಗಳ ಪಾಲಾಗುವುದರಿಂದ ಇದನ್ನು ದ್ವಿಗುಣಗೊಳಿಸಿ 3,100 ಲುಮೆನ್ ಎಂದು ಇಟ್ಟುಕೊಳ್ಳಬೇಕು. 20 ವ್ಯಾಟಿನ ಒಂದು ನಾಲ್ಕಡಿಯ ಎಲ್‌ಇಡಿ ಟ್ಯೂಬು ಮತ್ತು 5 ವ್ಯಾಟಿನ ಎರಡು ಗೋಡೆ ದೀಪಗಳಿಂದ ಇದು ಬಹುತೇಕ ಪೂರೈಸುತ್ತದೆ. ಗೋಡೆಗೆ ಗಾಢ ಬಣ್ಣ, ನೆಲಕ್ಕೆ ಕೆಂಪು ರೆಡ್‌ಆಕ್ಸೈಡ್ ಎಂದು ತೀರ್ಮಾನಿಸಿದವರು ಇನ್ನಷ್ಟು ಸೇರಿಸಿಕೊಳ್ಳಬೇಕು. ಚಾವಣಿಯನ್ನಂತೂ ಬಿಳಿಯಾಗಿಯೇ ಇಡಬೇಕು.

ಓದಲು, ಹೊಲಿಯಲು, ತರಕಾರಿ ಹೆಚ್ಚಲು 300 ಲಕ್ಸ್‌ನಷ್ಟು ಬೇಕಾಗುತ್ತದೆ, ಆದರೆ ಇಡೀ ಕೋಣೆಗೆ ಅಷ್ಟು ಕೊಡುವುದು ದಂಡ. ಕೆಲಸ ನಡೆಯುವ ಜಾಗಕ್ಕೆ ಪ್ರತ್ಯೇಕ ದೀಪ ಕೊಟ್ಟರೆ ಸಾಕು. ಮಂಚದ ತಲೆದೆಸೆಯಲ್ಲಿ, ಮಲಗಿದಲ್ಲಿಂದಲೇ ಕೈಗೆಟಕುವ ಸ್ವಿಚ್ ಇರುವ 5 ವ್ಯಾಟಿನ ದೀಪವೊಂದು, ಮೇಜಿನ ಬಳಿ ಒಂದು ಪ್ಲಗ್ ಪಾಯಿಂಟ್ ಮತ್ತು ಮೇಜುದೀಪ. ಇಲ್ಲಿ ವಯಸ್ಸಾದವರು ಇರುವುದಾದರೆ ಲೆಕ್ಕ ಬದಲಾಗುತ್ತದೆ. 60 ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20 ವರ್ಷದವರಿಗೆ ತಲುಪುವುದರ ಸುಮಾರು ಮೂರನೇ ಒಂದರಷ್ಟು ಮಾತ್ರ. ಮೊರದಲ್ಲಿ ಅಕ್ಕಿ ಆರಿಸುವ ಅಜ್ಜಿ ಅದನ್ನು ಎತ್ತಿಕೊಂಡು ಬಾಗಿಲ ಬಳಿಗೆ ಬಂದು ಕೂರುವುದು ಅಭ್ಯಾಸಬಲದಿಂದಲ್ಲ. ಒಳಗಿನ ದೀಪದಲ್ಲಿ ಕಲ್ಲಿಗೂ ಅಕ್ಕಿಗೂ ವ್ಯತ್ಯಾಸ ಕಾಣುವುದಿಲ್ಲ ಎಂಬ ಕಾರಣಕ್ಕೆ. ಅಂಥವರಿಗೆ ಬೆಳಕು ಹೆಚ್ಚು ಬೇಕು, ಆದರೆ ಕಣ್ಣಿಗೆ ಹೊಡೆಯಬಾರದು. ಬರಿಯ ಬಲ್ಬು ನೇರವಾಗಿ ಕಾಣದಂತೆ ಹಾಲುಗಾಜಿನ ಅಥವಾ ಮಂಕು ಮುಚ್ಚಳದ ದೀಪಗಳನ್ನೇ ಆರಿಸಿ.

ಫ್ಯಾನು ಮತ್ತು ದೀಪದ ಜಗಳವನ್ನು ನಕ್ಷೆಯಲ್ಲೇ ಬಗೆಹರಿಸಿಕೊಳ್ಳಬೇಕು. ಚಾವಣಿಯಲ್ಲಿ ಹಾಕಿದ ದೀಪ ಫ್ಯಾನಿನ ರೆಕ್ಕೆಗಳ ಮೇಲ್ಭಾಗಕ್ಕೆ ಬಂದರೆ, ರೆಕ್ಕೆ ತಿರುಗಿದಾಗಲೆಲ್ಲ ಬೆಳಕು ಕತ್ತರಿಸಿ ಕೋಣೆಯೆಲ್ಲ ಮಿನುಗತೊಡಗುತ್ತದೆ. ಐದು ನಿಮಿಷ ಪುಸ್ತಕ ಹಿಡಿಯುವಷ್ಟರಲ್ಲಿ ತಲೆ ಸಿಡಿಯುತ್ತದೆ. ಸಾಮಾನ್ಯ ಫ್ಯಾನಿನ ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸ ನಾಲ್ಕು ಅಡಿ. ಆ ವೃತ್ತವನ್ನು ನಕ್ಷೆಯಲ್ಲಿ ಗುರುತಿಸಿ, ಚಾವಣಿಯ ದೀಪಗಳನ್ನು ಅದರಿಂದ ಸಾಕಷ್ಟು ದೂರಕ್ಕೆ, ಗೋಡೆಗಳ ಕಡೆಗೆ ಸರಿಸಬೇಕು. ಒಂಬತ್ತೂವರೆ ಅಡಿ ಎತ್ತರದ ಪುಟ್ಟ ಕೋಣೆಗೆ ಫಾಲ್ಸ್ ಸೀಲಿಂಗ್ ಮಾಡಿಸಿ ಎಂಟು ಡೌನ್‌ಲೈಟ್ ಕೂರಿಸುವುದು ಈಗಿನ ರೂಢಿ. ಅದರಿಂದ ನೆಲ ಹೊಳೆಯುತ್ತದೆ, ಗೋಡೆಗಳು ಕತ್ತಲಾಗುತ್ತವೆ, ಕೋಣೆ ಇನ್ನೂ ಚಿಕ್ಕದಾಗಿ ಕಾಣುತ್ತದೆ. ಗೋಡೆಯನ್ನು ತೊಳೆಯುವಂತೆ ಬೀಳುವ ಬೆಳಕೇ ಸಣ್ಣ ಕೋಣೆಯನ್ನು ಹಿಗ್ಗಿಸುವುದು.

ಅಡುಗೆಮನೆಯಲ್ಲಿ ನಡುಚಾವಣಿಯ ದೀಪ ಅಡುಗೆ ಮಾಡುವವರ ಬೆನ್ನಿಗೆ ಬೀಳುತ್ತದೆ, ಅವರ ನೆರಳು ಈಳಿಗೆಯ ಮೇಲೆ, ಒಲೆಯ ಮೇಲೆ ಬೀಳುತ್ತದೆ. ಅಡುಗೆ ಕಟ್ಟೆಯ ಮೇಲೆ ಕಪಾಟು ಇದ್ದರೆ ಅದರ ಕೆಳಗೆ, ಮುಂದಿನ ಅಂಚಿಗೆ, 10 ವ್ಯಾಟಿನ ಉದ್ದನೆಯ ದೀಪ ಹಾಕಬೇಕು. ಕಪಾಟು ಇಲ್ಲದಿದ್ದರೆ ಕಟ್ಟೆಯ ಅಂಚಿನ ನೇರಕ್ಕೆ ಗೋಡೆಯಿಂದ ಚಾಚಿದ ದೀಪವಾದರೂ ಇರಬೇಕು. ಬಚ್ಚಲಿನ ಕನ್ನಡಿಗೂ ಇದೇ ನ್ಯಾಯ: ದೀಪ ಮುಖಕ್ಕೆ ಎದುರಾಗಿರಬೇಕು, ತಲೆಯ ಹಿಂದಲ್ಲ. ಬಚ್ಚಲಿಗೆ ಕನಿಷ್ಠ ಐಪಿ44 ಎಂದು ಬರೆದಿರುವ, ನೀರು ಸಿಡಿದರೂ ಕೆಡದ ದೀಪ ತರಬೇಕು.

ಬೆಳಕಿನ ಬಣ್ಣದ ಬಗ್ಗೆ ಒಂದು ಮಾತು. ಅದನ್ನು ಅಳೆಯುವುದು ಕೆಲ್ವಿನ್‌ನಲ್ಲಿ: ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಾದಷ್ಟೂ ನೀಲಿಬಿಳುಪು. ನಮ್ಮ ಅಂಗಡಿಗಳಲ್ಲಿ ಏನೂ ಹೇಳದಿದ್ದರೆ ಕೈಗೆ ಬರುವುದು 6500 ಕೆಲ್ವಿನ್‌ನ ನೀಲಿಬಿಳುಪಿನ ಬಲ್ಬು. ಮಲಗುವ ಕೋಣೆಗೆ 3000 ಕೆಲ್ವಿನ್‌ನ ಹಳದಿ ಛಾಯೆ, ಅಡುಗೆ ಮತ್ತು ಓದಿಗೆ 4000 ಕೆಲ್ವಿನ್ ಹಿತವಾಗಿರುತ್ತವೆ. ಒಂದೇ ನೋಟಕ್ಕೆ ಸಿಗುವ ಎರಡು ದೀಪಗಳಲ್ಲಿ ಒಂದು ಹಳದಿ, ಇನ್ನೊಂದು ನೀಲಿ ಆಗಬಾರದು. ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದರ ಅಳತೆಯಾದ ಸಿಆರ್‌ಐ ಡಬ್ಬಿಯ ಮೇಲೆ 80ಕ್ಕಿಂತ ಕಡಿಮೆ ಇದ್ದರೆ ಕೊಳ್ಳಬೇಡಿ. ಅಂಥ ಬೆಳಕಿನಲ್ಲಿ ಸೊಪ್ಪು ಬಾಡಿದೆಯೋ ತಾಜಾ ಇದೆಯೋ ತಿಳಿಯುವುದಿಲ್ಲ. ಉರಿಯುವ ಬಲ್ಬನ್ನು ಮೊಬೈಲ್ ಕ್ಯಾಮೆರಾದ ಸ್ಲೋ ಮೋಷನ್‌ನಲ್ಲಿ ನೋಡಿದಾಗ ಜೋರಾಗಿ ಮಿಡಿಯುತ್ತಿದ್ದರೆ ಅದರೊಳಗೆ ವಿದ್ಯುತ್ತನ್ನು ಹದಗೊಳಿಸುವ ಡ್ರೈವರ್ ಕಳಪೆಯದು. ಗಾಳಿಯಾಡದ ಮುಚ್ಚಳದೊಳಗೆ ಎಲ್‌ಇಡಿ ಬಲ್ಬು ಬೇಗ ಸಾಯುತ್ತದೆ ಎಂಬುದೂ ನೆನಪಿರಲಿ, ಏಕೆಂದರೆ ಶಾಖವೇ ಅದರ ಶತ್ರು.

ಸ್ವಿಚ್ಚುಗಳಲ್ಲಿ ಜಿಪುಣತನ ಮಾಡಬಾರದು. ಎಲ್ಲ ದೀಪಗಳನ್ನು ಒಂದೇ ಸ್ವಿಚ್ಚಿಗೆ ಕಟ್ಟಿದರೆ ಮೇಲೆ ಮಾಡಿದ ಯೋಜನೆಯೆಲ್ಲ ವ್ಯರ್ಥ. ಬಾಗಿಲ ಬಳಿ ಮತ್ತು ಮಂಚದ ಬಳಿ ಟೂ-ವೇ ಸ್ವಿಚ್ ಇದ್ದರೆ ಮಲಗಿದ ಮೇಲೆ ಏಳಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದುದು ಹಿತ್ತಿಲ ದಾರಿಯ ದೀಪ: ಅದನ್ನು ಮುಖ್ಯ ಮನೆಯ ಹಿಂಬಾಗಿಲಿನಿಂದಲೂ ಔಟ್‌ಹೌಸಿನ ಬಾಗಿಲಿನಿಂದಲೂ ಹಚ್ಚಿ ಆರಿಸುವಂತಿರಬೇಕು. ಇದಕ್ಕೆ ಎರಡೂ ಸ್ವಿಚ್ಚುಗಳ ನಡುವೆ ಹೆಚ್ಚಿನ ತಂತಿ ಹಾಯಬೇಕಾದ್ದರಿಂದ ನೆಲದಡಿಯ ಪೈಪನ್ನು ಕಾಂಕ್ರೀಟ್ ಹಾಸುವ ಮೊದಲೇ ಹೂಳಿಸಬೇಕು.

ಹೊರಗಿನ ದೀಪಗಳು ಧೂಳು, ಮಳೆ ತಾಳುವ ಐಪಿ65 ದರ್ಜೆಯವಾಗಿರಲಿ, ದಾರಿಯವು ಮೊಣಕಾಲೆತ್ತರದಲ್ಲಿ ಕೆಳಮುಖವಾಗಿರಲಿ. ಬಾಗಿಲ ಬೀಗದ ತೂತು ಕಾಣುವಂತೆ ಒಂದು, ಮೆಟ್ಟಿಲಿಗೆ ಒಂದು, ತುಳಸಿಕಟ್ಟೆ ಇದ್ದರೆ ಅಲ್ಲಿಗೊಂದು ಸಾಕು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ಮುತ್ತುವುದನ್ನು ಎಲ್ಲರೂ ಬಲ್ಲರು. ಹಳದಿ ಛಾಯೆಯ ದೀಪಕ್ಕೆ ಹುಳುಗಳು ಬಿಳಿ ದೀಪಕ್ಕಿಂತ ಕಡಿಮೆ ಬರುತ್ತವೆ. ದೀಪವನ್ನು ಬಾಗಿಲ ನೆತ್ತಿಯ ಮೇಲೆ ಹಾಕದೆ ನಾಲ್ಕಡಿ ಪಕ್ಕಕ್ಕೆ ಹಾಕಿದರೆ ಬಂದ ಹುಳುಗಳೂ ಒಳಗೆ ನುಗ್ಗುವುದಿಲ್ಲ.

ವೈರಿಂಗ್ ಪರವಾನಗಿ ಇರುವ ಗುತ್ತಿಗೆದಾರರ ಕೆಲಸ, ಆದರೂ ಕೆಲವನ್ನು ನೀವೇ ಕೇಳಿ ಪಡೆಯಬೇಕು. ದೀಪಗಳಿಗೆ 1.5 ಚದರ ಮಿಲಿಮೀಟರ್, ಪ್ಲಗ್ಗುಗಳಿಗೆ 2.5, ಗೀಜರಿಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ ಇರಲಿ. ಔಟ್‌ಹೌಸಿಗೆ, ಹೊರೆ ಹೆಚ್ಚಾದಾಗ ಕರೆಂಟು ಕಡಿಯುವ ಎಂಸಿಬಿಗಳ ತನ್ನದೇ ಪೆಟ್ಟಿಗೆ ಮತ್ತು ಕರೆಂಟು ಸೋರಿದರೆ ತಕ್ಷಣ ಕಡಿದು ಶಾಕ್‌ನಿಂದ ಕಾಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಕರೆಂಟು ಹೋದಾಗ ಉರಿಯಬೇಕಾದ ದೀಪಗಳಿಗೆ, ಅಂದರೆ ಅಡುಗೆಮನೆ, ಬಚ್ಚಲು ಮತ್ತು ದಾರಿಗೆ, ಈಗಲೇ ಯುಪಿಎಸ್ ಲೈನನ್ನು ಬೇರೆಯಾಗಿ ಎಳೆಸಿ. ನಾವು ಹಾಕಿಕೊಂಡ ಎಲ್ಲ ದೀಪಗಳೂ ಸೇರಿ 75 ವ್ಯಾಟಿನ ಆಸುಪಾಸಿನಲ್ಲಿರುತ್ತವೆ. ದಿನಕ್ಕೆ ಐದು ಗಂಟೆ ಎಲ್ಲವನ್ನೂ ಒಟ್ಟಿಗೆ ಉರಿಸಿದರೂ ತಿಂಗಳಿಗೆ 11 ಯೂನಿಟ್ ಚಿಲ್ಲರೆ. ಪಾಯಿಂಟುಗಳನ್ನು ಕಡಿಮೆ ಮಾಡಿ ಬಿಲ್ ಉಳಿಸುವ ಮಾತಿಗೆ ಆದ್ದರಿಂದ ಅರ್ಥವಿಲ್ಲ.

ಗೋಡೆಗೆ ಗಾರೆ ಬೀಳುವ ಮುನ್ನ ಪ್ರತಿ ಗೋಡೆಯ ಮುಂದೆ ನಿಂತು, ಪೈಪುಗಳ ಪಕ್ಕದಲ್ಲಿ ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಕ್ಯಾಲೆಂಡರಿನ ಮೊಳೆಗೋ ಕಪಾಟಿಗೋ ಗೋಡೆ ಕೊರೆಯುವಾಗ ತಂತಿ ಎಲ್ಲಿದೆ ಎಂದು ಊಹಿಸಬೇಕಾಗುವುದಿಲ್ಲ. ಗುತ್ತಿಗೆದಾರರ ಕೊನೆಯ ಕಂತನ್ನು ಕತ್ತಲಾದ ಮೇಲೆ ಕೊಡುವುದು ಉತ್ತಮ: ಹಾಸಿಗೆ ಹಾಕುವಲ್ಲಿ ಮಲಗಿ, ಒಲೆ ಇಡುವಲ್ಲಿ ನಿಂತು, ಪ್ರತಿ ಸ್ವಿಚ್ಚನ್ನೂ ಒತ್ತಿ ನೋಡಿದ ನಂತರ.